ರಾಜದರ್ಜಿಯ ‘ಹೂಂ’

ರೀ,

ಜನ ಆಡಿಕೊಂಡು ನಗುತ್ತಾರೆಂದು ನೀವಿನ್ನು ಅಕ್ಕನ ಮನೆಯಲ್ಲಿ ತಲೆಮರೆಸಿಕೊಂಡಿರಬೇಕಿಲ್ಲ. ನನ್ನ ಕಾದಂಬರಿಯ ಬಗ್ಗೆ ಓದುಗರ ಮಾತುಕತೆ ನಿನ್ನೆ ಗ್ರಂಥಾಲಯದಲ್ಲಿ ಮುಗಿಯಿತು. ರಾಜಕುಮಾರಿಯ ಮನಗೆದ್ದ ಅರಮನೆಯ ದರ್ಜಿ ನೀವೇ ಎಂದು ಒಬ್ಬರಿಗೂ ಹೊಳೆಯಲಿಲ್ಲ. ನನಗಂತೂ ಹೋದ ಜೀವ ಬಂದಂತಾಯಿತು.

ಯುದ್ಧ ಸಾಲದಾಯಿತು ಎಂದರು ಪೋಸ್ಟ್‌ಮಾಸ್ಟರು. ಔಷಧದಂಗಡಿಯಾಕೆ ಕೋಟೆಯ ಮುತ್ತಿಗೆಯನ್ನೆಲ್ಲ ಹಾರಿಸಿ, ಪ್ರೇಮದ ಪುಟಗಳನ್ನು ಮಾತ್ರ ಎರಡು ಸಲ ಓದಿದರಂತೆ. ನಿಮ್ಮ ಗಿರಾಕಿ, ಆ ದಪ್ಪ ವಕೀಲರು ಎದ್ದು ನಿಂತಾಗ ಸಿಕ್ಕಿಬಿದ್ದೆವು ಎಂದೇ ಅಂದುಕೊಂಡೆ. ನೀವು ಅಳತೆ ತೆಗೆಯುವುದನ್ನು ಅವರಷ್ಟು ಕಂಡವರು ಯಾರಿದ್ದಾರೆ?

“ಎಲ್ಲಾ ಚೆನ್ನಾಗಿದೆ ಕಣಮ್ಮ. ಆದ್ರೆ ರಾಜಕುಮಾರಿ ‘ನಿನ್ನನ್ನೇ ಮದುವೆಯಾಗ್ತೀನಿ’ ಅಂದಾಗ, ಬಾಯ್ತುಂಬ ಗುಂಡುಸೂಜಿ ಕಚ್ಕೊಂಡು ಬರೀ ‘ಹೂಂ’ ಅನ್ನೋ ಗಂಡಸು ಎಲ್ಲಾದ್ರೂ ಇರ್ತಾನಾ?” ಎಂದರು.

ಎಲ್ಲರೂ ನಕ್ಕರು. ಅಂದು ನಿಮ್ಮ ಅಂಗಡಿಯಲ್ಲಿ ನಡೆದದ್ದನ್ನು ನಾನು ಇದ್ದಹಾಗೇ ಬರೆದಿದ್ದೆ. ಆದರೂ, ಅದು ಬರೀ ಕಲ್ಪನೆ ಎಂದುಬಿಟ್ಟೆ.

ಇನ್ನು ಧೈರ್ಯವಾಗಿ ಬಂದು ಅಂಗಡಿ ತೆರೆಯಿರಿ. ವಕೀಲರ ಕೋಟು ಒಂದೇ ತೋಳಿನಲ್ಲಿ ನಿಂತಿದೆ. ಅಕ್ಕ ಓದಿ ಮುಗಿಸಿದ್ದರೆ ಆ ಪ್ರತಿಯನ್ನೂ ತನ್ನಿ. ಇಲ್ಲಿ ಒಂದೂ ಉಳಿದಿಲ್ಲ.

ಹೊರಡುವಾಗ ಔಷಧದಂಗಡಿಯಾಕೆ ನನ್ನ ಕೈಹಿಡಿದು, “ಆ ‘ಹೂಂ’ ಅಂದ್ರೆ ಅವನಿಗೂ ಪ್ರೀತಿ ಇತ್ತು ತಾನೇ?” ಎಂದು ಕೇಳಿದರು. ಮದುವೆಯಾಗಿ ಇಷ್ಟು ವರ್ಷವಾದರೂ ಅದನ್ನು ನಾನು ನಿಮ್ಮನ್ನು ಕೇಳಿಯೇ ಇಲ್ಲ. ಬಂದಮೇಲೆ, ಬಾಯಲ್ಲಿ ಸೂಜಿಯಿಲ್ಲದಾಗ ಹೇಳಿ.

ಇಂತಿ,
ನಿಮ್ಮಿಂದ ‘ಹೂಂ’ ಅನ್ನಿಸಿಕೊಂಡವಳು