ಅವ್ವ ಅಳೆದ ನಾಲ್ಕು ದಿನದ ಮಳೆ

ಮಲ್ಲಂದೂರು,
ಭಾನುವಾರ, 27 ಜುಲೈ 2025

ಪ್ರೀತಿಯ ಅಪ್ಪಯ್ಯ,

ನಿಮ್ಮ ರಂಜಿತಾಳ ನಮಸ್ಕಾರ. ಮಂಡಿನೋವು ಹೇಗಿದೆ? ಸುಕನ್ಯಕ್ಕ ತಂದುಕೊಟ್ಟ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರೋ, ಇಲ್ಲಾ ಶೀಶೆಯನ್ನು ಕಿಟಕಿಯಲ್ಲಿಟ್ಟು ನೋಡುತ್ತಾ ಕೂತಿದ್ದೀರೋ? ಕಿವಿಯ ಮಿಷನ್ನು ಡಬ್ಬದಿಂದ ಹೊರಗೇ ಬಂದಿಲ್ಲ ಅಂತ ಅವಳು ದೂರು ಹೇಳಿದಳು. ಅದಕ್ಕೇ ಈ ಪತ್ರ. ಫೋನಿನಲ್ಲಿ ಕೂಗಿದರೆ ಇಡೀ ಎಸ್ಟೇಟಿಗೆ ಕೇಳಿಸುತ್ತದೆ, ನಿಮಗೊಬ್ಬರಿಗೆ ಬಿಟ್ಟು. ಕಡೂರಿನಲ್ಲಿ ಅಕ್ಕನ ಮನೆಯ ತಾರಸಿಯ ಮೇಲೆ ತಗಡಿನ ಡಬ್ಬ ಇಟ್ಟು, ದಿನಾ ಬೆಳಿಗ್ಗೆ ಎಂಟಕ್ಕೆ ಮೆಟ್ಟಿಲು ಹತ್ತಿ ಬಗ್ಗಿ ನೋಡುತ್ತೀರಂತೆ. ಮೂವತ್ತೆಂಟು ವರ್ಷ ಎಸ್ಟೇಟ್ ರೈಟರಾಗಿ ಲೆಕ್ಕ ಬರೆದ, ಮಳೆ ಅಳೆದ ಕೈ ಸುಮ್ಮನಿರುವುದಿಲ್ಲ, ಗೊತ್ತು. ಆದರೂ ಆ ಮಂಡಿಯಲ್ಲಿ ಮೆಟ್ಟಿಲು ಬೇಡ ಅಪ್ಪಯ್ಯ. ಕಡೂರಿಗೆ ಮೋಡ ಬರುವುದು ಮುಖ ತೋರಿಸಿ ಹೋಗಲಿಕ್ಕೆ ಅಷ್ಟೆ. ಮಳೆಯ ಸುದ್ದಿ ಬೇಕಾದರೆ ನಾನಿದ್ದೇನೆ. ನಿನ್ನೆಯದು ಎರಡು ಇಂಚು ಮೂವತ್ತು ಸೆಂಟ್ಸ್.

ಈಗ ವಿಷಯಕ್ಕೆ ಬರುತ್ತೇನೆ, ಕೂತುಕೊಂಡು ಓದಿ. 1998ರ ಮಳೆ ಪುಸ್ತಕದ ಒಂದು ಪುಟದಲ್ಲಿ ನಾಲ್ಕು ದಿನದ ಮಳೆಯನ್ನು ಅವ್ವ ಬರೆದಿದ್ದಾಳೆ. ನಿಮಗೆ ಅದು ಗೊತ್ತು. ನನಗೆ ಈ ತಿಂಗಳವರೆಗೆ ಗೊತ್ತಿರಲಿಲ್ಲ. ಅವ್ವ ಹೋಗಿ ಆರು ವರ್ಷವಾಯಿತು. ಅವಳ ಕೈಯಿಂದಾದ ಒಂದು ಗೀಟೂ ನಮ್ಮ ಹತ್ತಿರ ಉಳಿದಿಲ್ಲ ಅಂದುಕೊಂಡಿದ್ದೆ. ಸಿಕ್ಕಿತು, ಸಿಕ್ಕಿದ ಮರುದಿನವೇ ಕಳೆದುಹೋಯಿತು. ಆರು ದಿನ ನನಗೆ ಅನ್ನ ಸೇರಲಿಲ್ಲ.

ಆದದ್ದು ಹೀಗೆ. ಹಳೆಯ ಮಳೆ ಪುಸ್ತಕಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಬೇಕು ಅಂತ ಈಗಿನ ಧಣಿ ಚನ್ನಕೇಶವ ಗೌಡರು ಹೇಳಿದ್ದರಲ್ಲ, ಹೋದ ವರ್ಷದ ಸಿಡಿಲಿಗೆ ಆಫೀಸಿನ ಕಂಪ್ಯೂಟರ್ ಸುಟ್ಟುಹೋದ ಮೇಲೆ ಅವರಿಗೆ ಹೆದರಿಕೆ ಹತ್ತಿತು. ದೊಡ್ಡ ದೊಡ್ಡ ಕಂಪನಿಗಳು ಇಟ್ಟುಕೊಳ್ಳುವಂಥ ಬ್ಯಾಕಪ್ ಸಾಫ್ಟ್‌ವೇರ್ ತರಿಸಿದರು. ಅದರ ಕೆಲಸ ಇಷ್ಟೆ: ದಿನಾ ಬೆಳಿಗ್ಗೆ ಆರಕ್ಕೆ ತಾನೇ ಎದ್ದು, ಕಂಪ್ಯೂಟರಿನಲ್ಲಿ ಇರುವುದನ್ನೆಲ್ಲ ಇನ್ನೊಂದು ಪೆಟ್ಟಿಗೆಗೆ ನಕಲು ಮಾಡಿ, ಮೇಲೆ ತಾರೀಖು ಹಾಕಿ, ಏಳು ದಿನ ಕಾದಿಟ್ಟು ಬಿಸಾಡುವುದು. ಇಷ್ಟು ಮಾಡಲಿಕ್ಕೆ ಆ ಹಾಳಾದ್ದಕ್ಕೆ ಎಷ್ಟು ಬಿನ್ನಾಣ ಅಂತೀರಿ! ನಿಮ್ಮ ಹಸಿರು ಬಟ್ಟೆಯ ಪುಸ್ತಕದಲ್ಲಿ ನಾಲ್ಕು ಖಾನೆ ಇತ್ತು, ತಾರೀಖು, ಇಂಚು, ಸೆಂಟ್ಸ್, ಷರಾ. ಮುಗಿಯಿತು. ಇದರಲ್ಲಿ ಒಂದು ಕಿಟಕಿ ತೆರೆದರೆ ಅದರೊಳಗೆ ಮೂರು. ಒತ್ತಬೇಕಾದ ಗುಂಡಿ ಯಾವಾಗ ನೋಡಿದರೂ ಬೂದು ಬಣ್ಣ, ಒತ್ತಬಾರದ್ದು ಮಾತ್ರ ನೀಲಿಯಾಗಿ ಹೊಳೆಯುತ್ತಾ ಕೂತಿರುತ್ತದೆ. ಅಕ್ಷರ ಸಾಸಿವೆಯಷ್ಟು. ಕಾಫಿ ಕುಡಿದು ಬರುವಷ್ಟರಲ್ಲಿ ನನ್ನನ್ನು ಹೊರಗೆ ಹಾಕಿ, ಯಾರು ನೀನು, ಪಾಸ್‌ವರ್ಡ್ ಹೇಳು ಅನ್ನುತ್ತದೆ. "ರದ್ದು ಮಾಡುವುದನ್ನು ರದ್ದು ಮಾಡಲೇ" ಅಂತ ಒಂದು ದಿನ ಕೇಳಿತು, ಹೌದು ಅನ್ನಬೇಕೋ ಇಲ್ಲ ಅನ್ನಬೇಕೋ ತಿಳಿಯದೆ ನಾನು ಸ್ವಿಚ್ಚೇ ಆರಿಸಿದೆ. ಚಿಕ್ಕಮಗಳೂರಿನಿಂದ ಬಂದು ಹಾಕಿಕೊಟ್ಟ ದೇವರಾಜ ಅನ್ನುವವನಿಗೆ ಫೋನು ಮಾಡಿದರೆ, "ಪುಸ್ತಕ ಕೊಟ್ಟಿದೀನಲ್ಲ ಮೇಡಂ, ಅದ್ರಲ್ಲಿ ಎಲ್ಲಾ ಇದೆ" ಅನ್ನುತ್ತಾನೆ. ಪುಸ್ತಕ ನಾನೂರ ಹನ್ನೆರಡು ಪುಟ. ದನದ ಕಾಲಿಗೆ ಕಟ್ಟಿದರೆ ದನ ಏಳುವುದಿಲ್ಲ.

ಹದಿನೇಳನೆಯ ತಾರೀಖು, ಗುರುವಾರ, 1998ರ ಪುಸ್ತಕವನ್ನು ಸ್ಕ್ಯಾನ್ ಮಾಡುತ್ತಿದ್ದೆ. ಅಂಚು ಪೂರ್ತಿ ಗೆದ್ದಲು ತಿಂದಿತ್ತು. ಜುಲೈ ಪುಟ ತಿರುಗಿಸಿದೆ. ನಿಮ್ಮ ಮುತ್ತಿನಂಥ ಅಂಕಿಗಳ ಮಧ್ಯೆ, ಗೆರೆಗೆ ಮೀರಿ ಉಬ್ಬಿಕೊಂಡ ಅಂಕಿ, ಪಕ್ಕದಲ್ಲಿ ಉದ್ದುದ್ದ ಗೀಟು. ನೋಡಿದ ಕೂಡಲೇ ಗುರುತು ಸಿಕ್ಕಿತು. ನೆನಪಿದೆಯಾ, ಅವ್ವ ಕೋಳಿ ಕಾವಿಗೆ ಕೂರಿಸಿದ ದಿನ ಅಡುಗೆಮನೆ ಬಾಗಿಲ ಹಿಂದೆ ಮಸಿಯಲ್ಲಿ ತಾರೀಖು ಬರೆದು, ದಿನಕ್ಕೊಂದು ಗೀಟು ಹಾಕುತ್ತಿದ್ದಳು? ಶಾಲೆಯ ಮುಖ ನೋಡದವಳಿಗೆ ಬರುತ್ತಿದ್ದ ಅಕ್ಷರ ಅಷ್ಟೇ. ಅವಳ ಎರಡಕ್ಕೆ ಬಸುರಿಯ ಹಾಗೆ ಹೊಟ್ಟೆ, ಏಳು ಯಾವಾಗಲೂ ಹಿಂದಕ್ಕೆ ವಾಲುತ್ತಿತ್ತು. ಅದೇ ಎರಡು, ಅದೇ ಏಳು. ಕ್ವಾರ್ಟರ್ಸಿನ ಆ ಬಾಗಿಲಿಗೆ ಈಗ ಪೇಂಟು ಬಳಿದಿದ್ದಾರೆ. ನಾನು ಆಫೀಸಿನಲ್ಲಿ ಒಬ್ಬಳೇ ಕೂತು ಅತ್ತೆ ಅಪ್ಪಯ್ಯ, ಸುಳ್ಳು ಯಾಕೆ ಹೇಳಲಿ.

ಆಗ ಹೊಳೆಯಿತು, ಅದು ನನಗೆ ವಿಷಮಶೀತ ಜ್ವರ ಬಂದ ವರ್ಷ. ನನಗೆ ಏಳು ವರ್ಷ. ಕಂಬಳಿಯಲ್ಲಿ ಸುತ್ತಿ ನೀವು ಜೀಪಿನಲ್ಲಿ ಚಿಕ್ಕಮಗಳೂರಿಗೆ ಕರೆದುಕೊಂಡು ಹೋದಿರಿ, ಹಳ್ಳ ಏರಿ ನಾಲ್ಕು ದಿನ ವಾಪಸು ಬರಲಾಗಲಿಲ್ಲ. ಒಂದು ದಿನ ಮಳೆ ಅಳೆಯುವುದು ತಪ್ಪಿದರೂ ಆಗಿನ ಧಣಿ ದೊಡ್ಡ ಗೌಡರು ಕೆಂಡವಾಗುತ್ತಿದ್ದ ಕಾಲ. ಅವ್ವನಂಥ ಕಳೆ ಕೀಳುವ ಹೆಂಗಸು ಮಳೆ ಮಾಪಕ ಮುಟ್ಟಿದಳು ಅಂದರೆ ಇನ್ನೂ ಕೆಂಡ. ನಾವು ಬಂದ ಮೇಲೆ ನೀವು ಆಫೀಸಿನಲ್ಲಿ, "ನಾನಿಲ್ದಾಗ ಮೇಸ್ತ್ರಿ ರೇವಣ್ಣ ಅಳ್ದ" ಅಂದದ್ದು, ಗೌಡರು ಖುಷಿಯಾಗಿ ರೇವಣ್ಣ ಮಾವನಿಗೆ ಹೊಸ ಕಂಬಳಿ ಕೊಟ್ಟದ್ದು, ಇದೆಲ್ಲ ಕೂಲಿಯವರ ಲೈನು ಮನೆಗಳಲ್ಲಿ ಜನ ಆಡಿಕೊಂಡದ್ದು ನನಗೆ ಮಸುಕಾಗಿ ನೆನಪಿದೆ. ನಮ್ಮ ಮನೆಯ ಕಂಬಳಿ ಮಾತ್ರ ಒಲೆಯ ಮೇಲೆ ಮೂರು ದಿನ ಒಣಗುತ್ತಿತ್ತು. ಯಾಕೆ ಅಷ್ಟು ನೆನೆದಿತ್ತು ಅಂತ ನಾನು ಕೇಳಲಿಲ್ಲ.

ಆ ಪುಟವನ್ನು ಹರಿದು ಮನೆಗೆ ತರೋಣ ಅನ್ನಿಸಿತು. ಕೈ ಬರಲಿಲ್ಲ. "ರಿಜಿಸ್ಟ್ರಿನ ಹಾಳೆ ಹರಿಯೋದು ಕಳ್ಳತನ" ಅಂತ ಚಿಕ್ಕಂದಿನಿಂದ ಹೇಳಿ ಹೇಳಿ ನನ್ನನ್ನು ಹಾಳು ಮಾಡಿದವರು ನೀವೇ. ನಾಳೆ ಧರ್ಮೇಶ್ ಮ್ಯಾನೇಜರನ್ನು ಕೇಳಿಯೇ ತೆಗೆದುಕೊಳ್ಳೋಣ ಅಂತ ಮೇಜಿನ ಮೇಲಿಟ್ಟು ಬಂದೆ. ಬೆಳಿಗ್ಗೆ ಹೋದರೆ ಮೇಜು ಖಾಲಿ. ಗೆದ್ದಲು ಹಿಡಿದ ಪುಸ್ತಕ ಆಫೀಸಿನಲ್ಲಿ ಬೇಡ ಅಂತ ಬಂಗಲೆಯ ಬಚ್ಚಲ ಒಲೆಗೆ ಕಳಿಸಿದ್ದರು. ಓಡಿದೆ. ಹಂಡೆಯ ನೀರು ಕುದಿಯುತ್ತಿತ್ತು. "ಸ್ಕ್ಯಾನ್ ಆಗಿದ್ಯಲ್ಲ ರಂಜಿತಾ, ಬ್ಯಾಕಪ್ ಇದೆ" ಅಂದರು ಧರ್ಮೇಶ್ ಸರ್. ಅವರದ್ದೂ ತಪ್ಪಲ್ಲ, ಅವರಿಗೇನು ಗೊತ್ತು.

ಅವತ್ತೇ ಮಧ್ಯಾಹ್ನ ಕರೆಂಟು ಮೂರು ಸಲ ಹೋಗಿ ಬಂತು. ಆಮೇಲೆ ಮಳೆಯ ಫೈಲು ತೆರೆಯಲೇ ಇಲ್ಲ. ಹೆದರಲಿಲ್ಲ, ಬ್ಯಾಕಪ್ ಇದೆಯಲ್ಲ. ಹಳೆಯ ನಕಲನ್ನು ವಾಪಸು ತರುವ ಕಿಟಕಿ ತೆರೆದೆ. ಹದಿನೇಳು ಅಂತ ಒಂದು ನಕಲು, ಹದಿನೆಂಟು ಅಂತ ಒಂದು. ನನ್ನ ಕೆಲಸ ಆದದ್ದು ಹದಿನೇಳಕ್ಕೆ, ಕರೆಂಟು ಹಾಳು ಮಾಡಿದ್ದು ಹದಿನೆಂಟಕ್ಕೆ. ಹದಿನೇಳನ್ನೇ ಒತ್ತಿದೆ. ಎಲ್ಲ ವರ್ಷದ ಪುಟಗಳೂ ಬಂದವು, 1998 ಒಂದು ಬಿಟ್ಟು. ಮತ್ತೆ ಹೋಗಿ ನೋಡಿದರೆ ಹದಿನೆಂಟರ ಸಾಲೇ ಮಾಯ! ದೇವರಾಜನಿಗೆ ಫೋನು ಮಾಡಿದೆ. "ಲಿಸ್ಟಲ್ಲಿ ಇಲ್ಲ ಅಂದ್ರೆ ಇಲ್ಲ ಮೇಡಂ" ಅಂದ. ಶನಿವಾರ, ಸೋಮವಾರ, ಮಂಗಳವಾರ, ದಿನಾ ಆ ಕಿಟಕಿಯ ಮುಂದೆ ಕೂತೆ. ಅದು ಹಸಿರು ಟಿಕ್ ತೋರಿಸಿ ಎಲ್ಲ ಸರಿಯಿದೆ ಅನ್ನುತ್ತಿತ್ತು. ಕಂಪ್ಯೂಟರಿಗೆ ಬೈದೆ, ಬೈದದ್ದು ಕೇಳಿ ಧರ್ಮೇಶ್ ಸರ್ ಎದ್ದು ಹೊರಗೆ ಹೋದರು.

ಮೊನ್ನೆ ಗುರುವಾರ ಬೆಳಿಗ್ಗೆ ಎಂಟಕ್ಕೆ ಮಳೆ ಅಳೆಯಲು ಹೋದೆ. ಮಾಪಕ ಅದೇ ಜಾಗದಲ್ಲಿದೆ, ಆಫೀಸಿನ ಹಿಂದಿನ ಹುಲ್ಲಿನ ದಿಣ್ಣೆಯಲ್ಲಿ. ನೀವು ಒದ್ದೆ ಹುಲ್ಲಿನಲ್ಲಿ ಮಂಡಿಯೂರಿ, ಗ್ಲಾಸನ್ನು ನನ್ನ ಕಣ್ಣಿನ ಮಟ್ಟಕ್ಕೆ ಹಿಡಿದು ಗೆರೆ ಓದಿಸುತ್ತಿದ್ದಿರಲ್ಲ, ಆಮೇಲೆ ನಾನು ಇವತ್ತಿನ ಸಾಲಿಗೆ ಬೆರಳಿಟ್ಟರೆ ನೀವು ಬೆರಳನ್ನು ಮೇಲಕ್ಕೆ ಸರಿಸಿ, "ಬೆಳಿಗ್ಗೆ ಅಳ್ದಿದ್ದು ನಿನ್ನೆ ಮಳೆ ಪುಟ್ಟೀ, ನಿನ್ನೆ ಸಾಲಿಗೇ ಬರಿ" ಅನ್ನುತ್ತಿದ್ದಿರಿ. ಹಾಗೇ ನಿನ್ನೆಯ ಸಾಲಿಗೆ ಬರೆಯುತ್ತಿದ್ದೆ. ಆಗ ಸುಟ್ಟುಹೋದ ಆ ಪುಟ ಕಣ್ಣೆದುರು ಬಂತು. ಅವ್ವನಿಗೆ ಈ ನಿಯಮ ಯಾರು ಹೇಳಿದ್ದರು? ಅವಳು ಅಳೆದ ದಿನದ ಸಾಲಿಗೇ ಬರೆದಿದ್ದಳು. ಒಂಬತ್ತರ ಬೆಳಿಗ್ಗೆಯದನ್ನು ಒಂಬತ್ತಕ್ಕೆ, ಹತ್ತರದ್ದನ್ನು ಹತ್ತಕ್ಕೆ. ತುಂಬಿದ ಒಂದೊಂದು ಗ್ಲಾಸಿಗೆ ಒಂದು ಗೀಟು, ಕೊನೆಯ ಗ್ಲಾಸಿನದ್ದು ಅಂಕಿ. ನಾಲ್ಕು ಸಾಲಿನ ಪಕ್ಕದಲ್ಲೂ ನೀವು ಪೆನ್ಸಿಲ್ಲಿನಲ್ಲಿ ಒಂದೊಂದು ಚಿಕ್ಕ ಬಾಣ ಹಾಕಿದ್ದಿರಿ, ಮೇಲಿನ ಸಾಲಿಗೆ.

ಅಯ್ಯೋ ನನ್ನ ಬುದ್ಧಿಯೇ! ಈ ಸಾಫ್ಟ್‌ವೇರೂ ಅವ್ವನ ಹಾಗೆಯೇ ಅಳೆದ ದಿನದ ತಾರೀಖು ಹಾಕುತ್ತದೆ. ಹದಿನೇಳರ ಕೆಲಸ ಇರುವುದು ಹದಿನೆಂಟರ ಬೆಳಿಗ್ಗೆ ಆರರ ನಕಲಿನಲ್ಲಿ, ಕರೆಂಟು ಹೋಗುವ ಮುಂಚಿನದ್ದು. ನಿಮ್ಮ ಮಗಳಾಗಿ ನಾನು ಅದನ್ನು ಮಳೆಯ ಹಾಗೆ ಓದಿದ್ದೆ. ಗ್ಲಾಸನ್ನು ಅಲ್ಲೇ ಬಿಟ್ಟು ಓಡಿದೆ. ಈ ಸಲ ಹದಿನೆಂಟು ಎಲ್ಲೋ ಇರಲೇಬೇಕು ಅಂತ ಗೊತ್ತಿತ್ತಲ್ಲ, ಕಿಟಕಿಯ ಒಂದೊಂದು ಚುಕ್ಕಿಯನ್ನೂ ಒತ್ತಿದೆ. ಮೂಲೆಯಲ್ಲಿ ಆಲಿಕೆಯ ಆಕಾರದ ಒಂದು ಚಿತ್ರ. ಒತ್ತಿದರೆ, "ಎಚ್ಚರಿಕೆ ಇರುವ ನಕಲುಗಳನ್ನು ಮರೆಮಾಡು" ಅನ್ನುವುದಕ್ಕೆ ತಾನಾಗಿಯೇ ಟಿಕ್ ಬಿದ್ದಿತ್ತು. ತೆಗೆದೆ. ಬಂತು ಹದಿನೆಂಟು, ನಾನು ಅದರ ಹಿಂದಿನದನ್ನು ವಾಪಸು ತಂದದ್ದಕ್ಕೆ ಬಿದ್ದ ಹಳದಿ ಎಚ್ಚರಿಕೆಯ ಗುರುತು ಹೊತ್ತುಕೊಂಡು. ಪಕ್ಕದಲ್ಲಿ ಸಾಸಿವೆಯಕ್ಷರ: ಅವಧಿ ಮುಗಿಯಲು ಒಂದು ದಿನ. ಇನ್ನೊಂದು ಬೆಳಗಾಗಿದ್ದರೆ ಬಿಸಾಡಿರುತ್ತಿತ್ತು. ಅವಸರಕ್ಕೆ ಮೂರು ಸಲ ತಪ್ಪು ಜಾಗ ಒತ್ತಿದೆ. ಕೊನೆಗೆ 1998 ಬಂತು, ಜುಲೈ ಬಂತು, ಅವ್ವನ ಹೊಟ್ಟೆ ಉಬ್ಬಿದ ಎರಡು ಬಂತು.

ನಿಮ್ಮ ಮೇಲೆ ಸಿಟ್ಟೂ ಬಂತು, ಹೇಳಿಬಿಡುತ್ತೇನೆ. ಇಷ್ಟು ವರ್ಷ ಬಾಯಿ ಬಿಡಲಿಲ್ಲವಲ್ಲ ನೀವು. ಸಂಜೆ ರೇವಣ್ಣ ಮಾವನ ಮನೆಗೆ ಹೋಗಿ ಕೇಳಿದೆ. "ನಾನೆಲ್ಲಿ ಅಳ್ದೆ ಮಾರಾಯ್ತಿ, ನಂಗೆ ಆ ಗಾಜಿನ್ ಗೆರೆ ಕಾಣ್ತಿತ್ತಾ? ಕಂಬ್ಳಿ ಕೊಟ್ರು, ಹೊದ್ಕಂಡೆ" ಅಂತ ನಕ್ಕರು. ಆಮೇಲೆ ನಗು ನಿಲ್ಲಿಸಿ, ಆ ಕಂಬಳಿಯನ್ನು ಮರುದಿನ ನಿನ್ನ ಅವ್ವನಿಗೆ ಕೊಡಲು ಬಂದಿದ್ದೆ, ಅವಳು ತೆಗೆದುಕೊಳ್ಳಲಿಲ್ಲ ಅಂದರು. "ಹುಚ್ಚಮ್ಮ ಏನಂದ್ಲು ಗೊತ್ತಾ? ನಮ್ಮನೆಯವ್ರ ಕೆಲ್ಸ ಉಳೀತಲ್ಲ ಅಣ್ಣಾ, ಕಂಬ್ಳಿ ನೀನೇ ಹೊದ್ಕ ಅಂದ್ಲು." ನಿಮಗೆ ಇದು ಗೊತ್ತಿತ್ತೋ ಇಲ್ಲವೋ.

ಬರೆದಷ್ಟೂ ಉದ್ದವಾಗುತ್ತದೆ. ಎಣ್ಣೆ ಹಚ್ಚಿಕೊಳ್ಳಿ, ಮಿಷನ್ನು ಕಿವಿಗೆ ಹಾಕಿಕೊಳ್ಳಿ. ಅಕ್ಕ, ಭಾವ, ಮಕ್ಕಳಿಗೆಲ್ಲ ನನ್ನ ನೆನಪು ಹೇಳಿ. ನಿಮ್ಮ ಆಶೀರ್ವಾದ ನನ್ನ ಮೇಲಿರಲಿ, ನನಗೂ ಆ ಸಾಫ್ಟ್‌ವೇರಿಗೂ ನಡೆಯುವ ಜಗಳದ ಮೇಲೆ ಇನ್ನೂ ಸ್ವಲ್ಪ ಜಾಸ್ತಿ ಇರಲಿ.

ನಿಮ್ಮ ಪುಟ್ಟಿ,
ರಂಜಿತಾ

ಮ.ಮ.: ಲಕೋಟೆ ಅಂಟಿಸುವ ಮೊದಲು ಹೇಳಲೇಬೇಕಾದದ್ದು. ಕಂಪ್ಯೂಟರಿನ ಹಾಳೆಯಲ್ಲಿ "ಅಳೆದವರು" ಅಂತ ಒಂದು ಖಾನೆ ಇದೆ, ಖಾಲಿ ಬಿಟ್ಟರೆ ಮುಂದಕ್ಕೆ ಹೋಗಲು ಬಿಡುವುದಿಲ್ಲ. ಮೂವತ್ತೆಂಟು ವರ್ಷಕ್ಕೂ ಏಕಾಂತಪ್ಪ ಅಂತ ನಿಮ್ಮ ಹೆಸರು ಹಾಕಿದ್ದೇನೆ. ಆ ನಾಲ್ಕು ದಿನಕ್ಕೆ ನಿಮ್ಮ ಷರಾದಲ್ಲಿ ರೇವಣ್ಣ ಅಂತ ಇದೆ. ನಾನು ಹುಚ್ಚಮ್ಮ ಅಂತ ಹಾಕಿದ್ದೇನೆ. ಆಗಸ್ಟ್ ಒಂದಕ್ಕೆ ಚನ್ನಕೇಶವ ಗೌಡರು ನೋಡುತ್ತಾರೆ, ಕೇಳಿದರೆ ನಾನೇ ಹೇಳುತ್ತೇನೆ. ನಿಮಗೆ ಬೇಸರವಾದರೆ ಬರೆಯಿರಿ, ಹೆಸರು ಮಾತ್ರ ತೆಗೆಯುವುದಿಲ್ಲ. ಪುಟದ ಪ್ರಿಂಟು ಒಳಗಿದೆ. ಒಂದು ಸೊನ್ನೆ ಸೊಟ್ಟಗಾದರೂ ಅಳಿಸಿ ಬರೆಸುತ್ತಿದ್ದವರು ನೀವು, ಅವ್ವ ತಪ್ಪು ಸಾಲಿಗೆ ಬರೆದದ್ದನ್ನು ಅಳಿಸಲಿಲ್ಲ, ಬಾಣ ಹಾಕಿ ಬಿಟ್ಟಿರಿ. ಆ ಬಾಣ ಹಾಕುವಾಗ ಅವ್ವ ಪಕ್ಕದಲ್ಲಿದ್ದಳಾ ಅಪ್ಪಯ್ಯ? ಅದೊಂದನ್ನು ಬರೆಯಿರಿ.