ತಟ್ಟೆಯಲ್ಲಿಟ್ಟ ಕೀಲಿಗಳು

ಹೊಸಪೇಟೆ, ೨೧೮೭ನೇ ಇಸವಿ, ಎಂಟನೇ ತಿಂಗಳ ಮೂವತ್ನಾಲ್ಕನೇ ತಾರೀಕು, ಆಯುಧಪೂಜೆ

ಪಂಪಾಂಬಜ್ಜಿಗೆ ನಿಮ್ಮ ಮರಿಮಗಳ ಮರಿಮಗ ಕೊಟ್ರಬಸಪ್ಪನ ಶರಣು.

ತಾರೀಕು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ವರ್ಷಕ್ಕೆ ಹತ್ತೇ ತಿಂಗಳು, ತಿಂಗಳಿಗೆ ಮೂವತ್ತಾರು ದಿನ. ಕಂಪನಿಗಳು ತಮ್ಮ ಅನುಕೂಲಕ್ಕೆ ಮಾಡಿಕೊಂಡದ್ದು. ನನ್ನ ಮಾತು ನಿಮ್ಮ ಕಿವಿಗೆ ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ಕಮಲಾಪುರದ ಕನ್ನಡ ಶಾಲೆಯಲ್ಲಿ ಏಳರ ತನಕ ಕಲಿತವನು ನಾನು. ಆದರೂ ಈ ಸೀಮೆಯಲ್ಲಿ ನಾನು ಒಳಹೊಕ್ಕು ಬರದ ಕಂಪನಿ ಇಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ, ಬೇಕಾದರೆ ಯಾರನ್ನಾದರೂ ಕೇಳಿ. ನನ್ನ ಕಸುಬಿಗೆ ನುಸುಳುಗಾರಿಕೆ ಅನ್ನುತ್ತಾರೆ. ಕಂಪನಿಯವರೇ ಕರೆದು, ನಮ್ಮ ಜಾಲದೊಳಗೆ ಹೇಗಾದರೂ ನುಗ್ಗಿ ತೋರಿಸು, ತೂತು ಎಲ್ಲಿದೆ ಹೇಳು ಅನ್ನುತ್ತಾರೆ. ಉಳಿದವರು ಯಂತ್ರದ ಜೊತೆ ಗುದ್ದಾಡುತ್ತಾರೆ. ನಾನು ಜನರ ಜೊತೆ ಹರಟೆ ಹೊಡೆದು ಒಳಗೆ ಹೋಗುತ್ತೇನೆ.

ಇವತ್ತು ಹಬ್ಬ, ಹಾಗಾಗಿ ಹಳೆಯದೊಂದು ಆಯುಧಪೂಜೆ ನೆನಪಾಗಿ ಬರೆಯಲು ಕೂತೆ. ತುಂಗಾ ಗಾಳಿಬೆಳಕು ಅಂತ ಇಲ್ಲೊಂದು ಕಂಪನಿ, ಗುಡ್ಡದ ಗಾಳಿಯಂತ್ರಗಳಿಂದ ಊರೂರಿಗೆ ಕರೆಂಟು ಕೊಡುವವರು. ಆಗ ಅಲ್ಲಿ ಪ್ರತಿಯೊಬ್ಬರ ಕೊರಳಲ್ಲೂ ಕಂಪನಿಯ ಜಾಲ ತೆರೆಯುವ ಉಸಿರುಗೀಲಿ ಇರುತ್ತಿತ್ತು. ಹುಣಿಸೆಬೀಜದಷ್ಟು ದೊಡ್ಡದು, ತೊಟ್ಟವರ ಉಸಿರು ಗುರುತು ಹಿಡಿದು ಬೆಳಿಗ್ಗೆ ತೆರೆದುಕೊಂಡರೆ, ಕೊರಳ ಬಿಸಿ ತಾಗುತ್ತಿರುವ ತನಕ ತೆರೆದೇ ಇರುತ್ತಿತ್ತು. ನಡುವೆ ಬಿಚ್ಚಿಟ್ಟರೆ ಮುಚ್ಚಿಕೊಳ್ಳುತ್ತಿತ್ತು, ಮತ್ತೆ ತೆರೆಯಲು ಮುಖ್ಯ ಕಚೇರಿಯ ಅಪ್ಪಣೆ ಬೇಕು. ಅಪ್ಪಣೆ ಬರಲು ವಾರಗಟ್ಟಲೆ. ಅಲ್ಲಿಯತನಕ ಕೆಲಸವಿಲ್ಲ, ಬೈಗುಳ ಮಾತ್ರ.

ಈಗ ಹೇಳಿ, ಆಯುಧಪೂಜೆಯ ದಿನ ಆಯುಧವನ್ನು ಬಿಚ್ಚಿಡದೆ ಪೂಜೆ ಮಾಡುವುದು ಹೇಗೆ? ನಮ್ಮ ಜನ ಒಂದು ಉಪಾಯ ಹುಡುಕಿದ್ದರು. ಬಿಸಿ ಮಾಡಿದ ವೀಳ್ಯದೆಲೆಯಲ್ಲಿ ಕೀಲಿಯನ್ನು ಸುತ್ತಿಟ್ಟರೆ, ಪಾಪ, ಅದು ತಾನಿನ್ನೂ ಕೊರಳಲ್ಲೇ ಇದ್ದೇನೆ ಅಂದುಕೊಳ್ಳುತ್ತಿತ್ತು. ಹೀಗೆ ಇಡೀ ಕಂಪನಿಯ ಕೀಲಿಗಳು ಒಂದೇ ತಟ್ಟೆಯಲ್ಲಿ, ಎಲೆಯೊಳಗೆ, ಕುಂಕುಮ ಹಚ್ಚಿಸಿಕೊಂಡು ಬೆಚ್ಚಗೆ ಕೂತಿರುತ್ತಿದ್ದವು. ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಕೀಲಿಗಳ ಉಸ್ತುವಾರಿ ನನ್ನ ತಂಗಿಯ ಮಗಳು ನೀಲಗಂಗಾಳದು. ಅಪ್ಪಣೆ ಬೇಗ ಸಿಗುವ ಹಾಗೆ ಮಾಡಿ, ಇಲ್ಲದಿದ್ದರೆ ಜನ ಹೀಗೇ ಮಾಡುತ್ತಾರೆ ಅಂತ ಅವಳು ನಿರ್ದೇಶಕರಾದ ವಿರೂಪಣ್ಣನವರಿಗೆ ಹೇಳಿ ಹೇಳಿ ಸಾಕಾಗಿದ್ದಳು. ಮುಂದಿನ ವರ್ಷ ನೋಡೋಣಮ್ಮ ಅನ್ನುವುದು ಅವರ ಉತ್ತರ.

ಆ ವರ್ಷ ಅದೇ ವಿರೂಪಣ್ಣ, ನೀಲಗಂಗಾ ನನ್ನ ಸೋದರಸೊಸೆ ಅಂತ ಗೊತ್ತಿಲ್ಲದೆ, ಪರೀಕ್ಷೆಗೆ ನನ್ನನ್ನೇ ಕರೆದರು. ನಾನು ಮಾಡಿದ್ದು ಇಷ್ಟೇ: ದೊಡ್ಡದೊಂದು ಬೂದುಗುಂಬಳ ಹೆಗಲ ಮೇಲಿಟ್ಟುಕೊಂಡು ಬಾಗಿಲಿಗೆ ಹೋದೆ. ಕಾವಲಿನ ಜಿಂದಪ್ಪ ನನ್ನ ಹೆಸರು ಕೇಳುವುದು ಬಿಟ್ಟು, ಮಂಗಳಾರತಿ ಹೊತ್ತಿಗಾ ಕುಂಬಳಕಾಯಿ ತರೋದು ಅಂತ ಬೈದು, ತಾನೇ ಬಾಗಿಲು ಹಿಡಿದು ಒಳಗೆ ಬಿಟ್ಟ. ಮಂಡಕ್ಕಿಯನ್ನೂ ಕೊಟ್ಟ. ಎಲ್ಲರೂ ಕಣ್ಣು ಮುಚ್ಚಿ ಕೈಮುಗಿದಾಗ ತಟ್ಟೆಯ ಮೇಲ್ಗಡೆ ಇದ್ದ ಕೀಲಿಯನ್ನು ಎಲೆ ಸಮೇತ ಜೇಬಿಗೆ ಹಾಕಿಕೊಂಡೆ. ನಿರ್ದೇಶಕರ ಕುರ್ಚಿಯಲ್ಲೇ ಕೂತು, ಆ ಕೀಲಿಯಿಂದ ಜಾಲದೊಳಗೆ ಹೊಕ್ಕು, ನಾಳೆಯೂ ರಜೆ ಅಂತ ಎಲ್ಲ ಶಾಖೆಗೂ ಹುಕುಂ ಕಳಿಸಿದೆ. ಮಾರನೇ ದಿನ ಕಂಪನಿಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಅಂಥ ಕೆಲಸ ಇನ್ನೊಬ್ಬರಿಂದ ಆಗಲಿಕ್ಕಿಲ್ಲ ಬಿಡಿ.

ಸಭೆ ಸೇರಿದಾಗ ಮಾತ್ರ ನನ್ನ ನಗು ಇಳಿಯಿತು. ಕೀಲಿಯ ಉಸ್ತುವಾರಿ ಯಾರದೋ ತಪ್ಪೂ ಅವರದೇ ಅಂತ ವಿರೂಪಣ್ಣ ನೀಲಗಂಗಾಳನ್ನು ಜಾಲಬಾಹಿರ ಮಾಡಲು ಹೊರಟರು. ಜಾಲಬಾಹಿರ ಅಂದರೆ ನಿಮ್ಮ ಕಾಲದ ಹಾಗೆ ಬರೀ ಕೆಲಸ ಹೋಗುವುದಲ್ಲ. ಆ ಮೇಲೆ ಜಿಲ್ಲೆಯ ಯಾವ ಕಂಪನಿಯ ಬಾಗಿಲೂ ಅವಳನ್ನು ಕಂಡು ತೆರೆಯುವುದಿಲ್ಲ. ಹುಡುಗಿ ಬಳೆ ತಿರುವುತ್ತಾ ಕೂತಿದ್ದಳು. ನಾನು ಜೇಬಿನಿಂದ ಬಾಡಿದ ಎಲೆ ತೆಗೆದು ಮೇಜಿನ ಮೇಲಿಟ್ಟೆ.

"ಸಾಹೇಬ್ರ, ನಾನು ಎತ್ತಿಕೊಂಡದ್ದು ನಿಮ್ಮ ಕೀಲಿ. ಇದಕ್ಕೆ ಎಲೆ ಸುತ್ತಿದವರು ಯಾರು?"

ಬಾಗಿಲ ಹತ್ತಿರ ನಿಂತಿದ್ದ ಜಿಂದಪ್ಪ, ಸಹಾಯ ಮಾಡುತ್ತಿದ್ದೇನೆ ಅಂದುಕೊಂಡು ಬಾಯಿ ಹಾಕಿದ: "ಎಲಿ ನಾನೇ ಕಾಸಿ ಕೊಟ್ಟೆನಲ್ರೀ. ಪ್ರತಿ ವರ್ಷಾ ಸಾಹೇಬ್ರದೇ ಮೊದಲು."

ನೀಲಗಂಗಾಳ ಹೆಸರು ಜಾಲದಲ್ಲಿ ಉಳಿಯಿತು. ಆದರೆ ಅಪ್ಪಣೆ ಬೇಗ ಕೊಡುವ ವ್ಯವಸ್ಥೆ ಮಾಡಿದರೇ? ಇಲ್ಲ. ಪೂಜೆಯನ್ನೇ ನಿಲ್ಲಿಸಿದರು. ಕೀಲಿಗಳನ್ನು ಕೊರಳೆಲುಬಿನ ಕೆಳಗೆ, ಚರ್ಮದೊಳಗೆ ಹೊಲಿದರು. ಜಿಂದಪ್ಪನನ್ನು ಮನೆಗೆ ಕಳಿಸಿ ತೂಕದ ಬಾಗಿಲು ಕೂರಿಸಿದರು. ಒಬ್ಬೊಬ್ಬರನ್ನೇ ತೂಗಿ ಒಳಗೆ ಬಿಡುತ್ತದೆ. ಇವತ್ತು ಸುಮ್ಮನೆ ಆಸೆಗೆ ಕುಂಬಳಕಾಯಿ ಹೊತ್ತುಕೊಂಡು ಹೋಗಿದ್ದೆ. ಬಾಗಿಲು ಬೈಯಲಿಲ್ಲ, ಮಂಡಕ್ಕಿ ಕೊಡಲಿಲ್ಲ, ತೂಕ ಜಾಸ್ತಿ ಅಂತ ಕೆಂಪು ದೀಪ ಹಚ್ಚಿ ಸುಮ್ಮನಾಯಿತು. ಊಟದ ಬಿಡುವಿನಲ್ಲಿ ನೀಲಗಂಗಾ ಹೊರಗೆ ಬಂದಳು. ರಸ್ತೆಯಲ್ಲೇ ಇಬ್ಬರೂ ಆ ಕುಂಬಳಕಾಯಿ ಒಡೆದೆವು. ಅವಳು ಸೆರಗು ಸರಿಸಿ, ಕೀಲಿ ಹೊಲಿದ ಜಾಗಕ್ಕೆ ಒಂದು ಬೊಟ್ಟು ಕುಂಕುಮ ಇಟ್ಟುಕೊಂಡು ಒಳಗೆ ಹೋದಳು.

ಅಜ್ಜಿ, ನಿಮ್ಮಲ್ಲಿ ಇನ್ನೂ ಬಾಗಿಲು ಹಿಡಿಯುವವರಿದ್ದಾರೆ. ಒಂದು ದಿನ ನನ್ನಂಥವನೊಬ್ಬ ಒಳಗೆ ಬಂದೇ ಬರುತ್ತಾನೆ. ಆಗ ಬಾಗಿಲು ಹಿಡಿದವನ ಮೇಲೆ ಹರಿಹಾಯಬೇಡಿ. ಬಾಗಿಲು ತೆರೆದಿಡದೆ ಕೆಲಸವೇ ಸಾಗದ ಹಾಗೆ ನಿಯಮ ಮಾಡಿದವರು ಯಾರು ಅಂತ ಕೇಳಿ.

ಇನ್ನೊಂದು ಬೇಡಿಕೆ. ನಮ್ಮ ದೇವರ ಗೂಡಿನ ಪಕ್ಕ, ಗಾಜಿನೊಳಗೆ, ನಿಮ್ಮ ಕೈಬರಹದ ಹಳದಿ ಚೀಟಿಯೊಂದಿದೆ: ಪುಟ್ಟಗೌರಿ೧೨೩. ನಿಮ್ಮ ಆಫೀಸಿನ ಪಾಸ್‌ವರ್ಡು. ನಿಮ್ಮ ಕಾಲದ ಫೋಟೊಗಳೆಲ್ಲ ಎಂದೋ ಅಳಿಸಿಹೋದವು. ಮಗಳನ್ನು ನೀವು ಏನಂತ ಕರೆಯುತ್ತಿದ್ದಿರಿ ಅಂತ ಆ ಚೀಟಿಯಿಂದಲೇ ನಮಗೆ ಗೊತ್ತು. ಈಗ ಅದು ನಿಮ್ಮ ಕಂಪ್ಯೂಟರಿನ ಪರದೆಗೆ ಅಂಟಿಕೊಂಡಿರಬೇಕು. ಇವತ್ತೇ ಕಿತ್ತುಬಿಡಿ. ಕೀಬೋರ್ಡಿನ ಕೆಳಗೆ ಬಚ್ಚಿಡಬೇಡಿ, ನಾನಾದರೆ ಮೊದಲು ಅಲ್ಲೇ ನೋಡುತ್ತೇನೆ. ಬೇರೆ ಪಾಸ್‌ವರ್ಡು ಮಾಡಿಕೊಂಡು, ಚೀಟಿಯನ್ನು ಮನೆಗೆ ತೆಗೆದುಕೊಂಡು ಹೋಗಿ.

ಹರಿದು ಮಾತ್ರ ಹಾಕಬೇಡಿ. ನಮ್ಮ ಪಾಲಿಗೆ ನೀವು ಉಳಿದಿರುವುದು ಅಷ್ಟೇ.