ಕಾಗದ ಅಂಟಿಸಿದ ಕ್ಯಾಸೆಟ್

ಬಮ್ಮಿಗಟ್ಟಿ, ೧೨-೮-೧೯೮೬

ಕ್ಯಾಸೆಟ್ ಅಂಗಡಿಯ ಕುಬೇರಪ್ಪನವರಿಗೆ ನಮಸ್ಕಾರ.

“ತೊಂಬತ್ತು ನಿಮಿಷದ್ದು ತೆಳು, ಸಿಕ್ಕಾಗ್ತೈತಿ. ಅರವತ್ತರದ್ದು ತಗೋರಿ, ಅಗದಿ ಹೊಸಾದು” ಎಂದಿರಿ. ನಂಬಿ ತಂದು, ಒಂದು ಬದಿಗೆ ನಮ್ಮ ಮನೆಯ ಭಜನೆ ತುಂಬಿಕೊಂಡೆ. ನಿನ್ನೆ ನೋಡಿದರೆ ಅದರ ಬೆನ್ನಿಗೆ ಕಾಗದ ಅಂಟಿಸಿದೆ. ಕಿತ್ತೆ. ತುಂಬಿದ್ದು ಅಳಿಸಿಹೋಗದಿರಲೆಂದು ಮುರಿಯುವ ಪ್ಲಾಸ್ಟಿಕ್ ಚೂರುಗಳು ಎರಡೂ ಇಲ್ಲ; ಆ ತೂತುಗಳನ್ನು ಕಾಗದದಿಂದ ಮುಚ್ಚಿದ್ದಕ್ಕೇ ಅದರ ಮೇಲೆ ನಮ್ಮ ಭಜನೆ ತುಂಬಿತು. ಹೊಸ ಕ್ಯಾಸೆಟ್ಟಿನದನ್ನು ಯಾರು ಮುರಿದರು?

ಎರಡನೇ ಬದಿ ಹಾಕಿದೆ. ಯಾರೋ ಮುದುಕಿ ಕೇಳುತ್ತಾಳೆ: “ಮಾದೇವಿ, ಆ ಕಡೆ ಹಾಡಿದ್ದೆಲ್ಲಾ ಬಂದೈತೇನ ಬೇ?”

ಮಾದೇವಿ ಇದನ್ನು ತಾನಾಗಿ ಮಾರಿರಲಾರಳು. ನಿಮ್ಮ ಅಂಗಡಿಗೆ ಟೇಪ್‌ರೆಕಾರ್ಡರ್ ರಿಪೇರಿಗೆ ಕೊಟ್ಟಾಗ ಒಳಗೇ ಉಳಿದಿತ್ತೇ? ನಿಜ ಹೇಳಿ. ಬದಲಿ ಕ್ಯಾಸೆಟ್ ನನಗೆ ಬೇಡ, ಅವಳ ವಿಳಾಸ ಕಳಿಸಿ. ಉಳಿದ ಬದಿಯನ್ನು ನಾನೇ ಒಯ್ದು ಕೊಡಬೇಕು.

ಇಂತಿ,
ಆ ಕಡೆಯ ಹಾಡು ಅಳಿಸಿದವಳು,
ಅನ್ನವ್ವ